ತೆಂಗಿನ ಮಧ್ಯೆ ಅಡಿಕೆ, ಒಟ್ಟು ನಾಲ್ಕೂವರೆ ಎಕರೆ: ಯಾವ ಮಿನಿ ಟ್ರ್ಯಾಕ್ಟರ್ ತಗೊಳ್ಳಲಿ?

ಕಲ್ಪತರು_ಹುಡುಗ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕೂವರೆ ಎಕರೆ. ಮೂರು ಎಕರೆ ತೆಂಗು, ತಾತ ನೆಟ್ಟದ್ದು, 30 ಅಡಿ ಅಂತರ. ಅದರಲ್ಲಿ ಒಂದೂವರೆ ಎಕರೆಗೆ ನಾಲ್ಕು ವರ್ಷದ ಹಿಂದೆ ಮಧ್ಯೆ ಅಡಿಕೆ ಹಾಕಿದೆವು. ಒಂದು ಎಕರೆ ರಾಗಿ ಹೊಲ. ಉಳಿದ ಅರ್ಧ ಎಕರೆಯಲ್ಲಿ ಮನೆ, ಕೊಟ್ಟಿಗೆ, ಕಣ. ಎರಡು ಹಸು ಇವೆ. ಎತ್ತು ಮಾರಿ ಆರು ವರ್ಷವಾಯಿತು.

ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ, ಶನಿವಾರ ಭಾನುವಾರ ಊರಿಗೆ ಹೋಗುತ್ತೇನೆ. ಅಪ್ಪನಿಗೆ 66. ಯುಗಾದಿ ಒಳಗೆ ಒಂದು ಮಿನಿ ಟ್ರ್ಯಾಕ್ಟರ್ ಮನೆಗೆ ತರಬೇಕು ಅಂತ ಆಸೆ. ಮಹೀಂದ್ರಾ ಜೀವೋ 245, ಕುಬೋಟಾ ಬಿ2441, ವಿಎಸ್‌ಟಿ 180ಡಿ, ಈ ಮೂರರ ಮಧ್ಯೆ ತಲೆ ಕೆಟ್ಟಿದೆ. ಮೂರು ಶೋರೂಮಿಗೆ ಹೋದೆ, ಮೂರೂ ಕಡೆ ಅವರದ್ದೇ ಬೆಸ್ಟ್. ಯಾವುದು ತಗೊಳ್ಳಲಿ?

ಹಳೇ_ಮೆಕ್ಯಾನಿಕ್

ಸ್ವಾಗತ ತಮ್ಮಾ. ಇಪ್ಪತ್ತೆಂಟು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದ ಅನುಭವದಲ್ಲಿ ಹೇಳುತ್ತೇನೆ. ಗಾಡಿ ಹೆಸರು ಆಮೇಲೆ. ಮೊದಲು ಈ ನಾಲ್ಕಕ್ಕೆ ಉತ್ತರ ಕೊಡು. ಅಡಿಕೆ ಸಾಲಿನ ಮಧ್ಯೆ ಎಷ್ಟು ಜಾಗ ಇದೆ? ಬುಡದಿಂದ ಬುಡಕ್ಕಲ್ಲ, ಪಾತಿಯಿಂದ ಪಾತಿಗೆ. ಸಾಲಿನ ಕೊನೆಯಲ್ಲಿ ಬೇಲಿಗೂ ಕೊನೇ ಗಿಡಕ್ಕೂ ಎಷ್ಟು ಅಂತರ? ಡ್ರಿಪ್ ಪೈಪು ನೆಲದ ಮೇಲಿದೆಯೋ, ಒಳಗೆ ಹೂತಿದೆಯೋ? ಸೋಮವಾರದಿಂದ ಶುಕ್ರವಾರದ ತನಕ ಗಾಡಿ ಓಡಿಸುವವರು ಯಾರು?

ಇವಕ್ಕೆ ಉತ್ತರ ಇಲ್ಲದೆ ಯಾವ ಗಾಡಿ ಅಂತ ಹೇಳುವುದು, ಕಾಲು ನೋಡದೆ ಚಪ್ಪಲಿ ಕೊಟ್ಟ ಹಾಗೆ.

ಕಲ್ಪತರು_ಹುಡುಗ

ಅಣ್ಣ, ಅಪ್ಪನಿಗೆ ಫೋನ್ ಮಾಡಿ ಟೇಪ್ ಹಿಡಿಸಿದೆ. ಎರಡು ತೆಂಗಿನ ಸಾಲಿನ ಮಧ್ಯೆ ಮೂರು ಸಾಲು ಅಡಿಕೆ ಇದೆ, ಅಂದರೆ ಸಾಲಿಂದ ಸಾಲಿಗೆ ಏಳೂವರೆ ಅಡಿ. ಪಾತಿ ಬಿಟ್ಟರೆ ಮಧ್ಯೆ ನಾಲ್ಕಡಿ ಉಳಿಯುತ್ತೆ. ಕೆಲವು ಕಡೆ ಅದೂ ಇಲ್ಲ. ಡ್ರಿಪ್ ಪೈಪು ಮೇಲೇ ಇದೆ. ಬೇಲಿ ಹತ್ತಿರದ ಲೆಕ್ಕ ಅಪ್ಪ ಹೇಳಲಿಲ್ಲ, "ಬಂದು ನೋಡ್ಕೋ" ಅಂದರು. ಓಡಿಸುವವರ ವಿಷಯ ನಾನು ಯೋಚನೆ ಮಾಡಿರಲಿಲ್ಲ. ಅಪ್ಪ ಎತ್ತಿನ ಗಾಡಿ ಹೊಡೆದವರು, ಟ್ರ್ಯಾಕ್ಟರ್ ಮುಟ್ಟಿಲ್ಲ.

ಲೆಕ್ಕದ_ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ.

ನಿಮ್ಮ ಜಮೀನಿಗೆ ವರ್ಷಕ್ಕೆ ಎಷ್ಟು ಗಂಟೆ ಟ್ರ್ಯಾಕ್ಟರ್ ಬೇಕು? ಬರೀ ತೆಂಗು ಇರುವ ಒಂದೂವರೆ ಎಕರೆಗೆ ವರ್ಷಕ್ಕೆ ಮೂರು ಸಲ ಉಳುಮೆ, ಏಳು ಗಂಟೆ. ಅಡಿಕೆ ಇರುವ ಕಡೆ ನಿಧಾನ, ಹನ್ನೊಂದು ಗಂಟೆ ಹಿಡಿಯಿರಿ. ರಾಗಿ ಹೊಲಕ್ಕೆ ಎಲ್ಲಾ ಸೇರಿ ಐದು. ಗೊಬ್ಬರ, ಕಾಯಿ, ಹುಲ್ಲು ಸಾಗಿಸಲು ಹತ್ತು. ಒಟ್ಟು 33 ಗಂಟೆ. ನಮ್ಮ ಕಡೆ ಬಾಡಿಗೆ ಗಂಟೆಗೆ 1,100 ತಗೊಳ್ಳುತ್ತಾರೆ. ಅಂದರೆ ವರ್ಷಕ್ಕೆ 36,300 ರೂಪಾಯಿ.

ಈಗ ಗಾಡಿ ಕಡೆ ನೋಡಿ. ಗಾಡಿ, ರೋಟವೇಟರ್ (ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ಸಾಮಾನು), ಕಲ್ಟಿವೇಟರ್ (ಉಳುವ ಕುಂಟೆ), ಸಣ್ಣ ಟ್ರೇಲರ್ ಎಲ್ಲಾ ಸೇರಿ ಏಳೂವರೆ ಲಕ್ಷ ಅಂದುಕೊಳ್ಳಿ. ಅದರಲ್ಲಿ 5 ಲಕ್ಷ ಸಾಲ, ಬಡ್ಡಿ 12%. ಮೊದಲ ವರ್ಷದ ಬಡ್ಡಿಯೇ 60,000. ಇನ್ನೂ ಡೀಸೆಲ್ ಹಾಕಿಲ್ಲ, ಸರ್ವಿಸ್ ಮಾಡಿಸಿಲ್ಲ, ಇನ್ಶೂರೆನ್ಸ್ ಕಟ್ಟಿಲ್ಲ. ಬಡ್ಡಿ ದುಡ್ಡಲ್ಲೇ ಬಾಡಿಗೆ ಕೊಟ್ಟು ಇನ್ನೂ 23 ಸಾವಿರ ಉಳಿಯುತ್ತೆ.

ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿದ್ದೀರಾ? ಖಾಸಗಿಯವರಿಗಿಂತ ಕಡಿಮೆಗೆ ಸಿಗುತ್ತೆ.

ಮಂಡ್ಯದ_ಅಕ್ಕ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಆದರೆ ಅದರಲ್ಲಿ ಮಳೆ ಇಲ್ಲ.

ಹದ ಅಂತ ಒಂದಿದೆ ಅಲ್ವಾ? ಮಳೆ ಬಿದ್ದ ಮೂರನೇ ದಿನ ಉಳಬೇಕು. ಅವತ್ತು ಊರಿಗೆಲ್ಲಾ ಟ್ರ್ಯಾಕ್ಟರ್ ಬೇಕು. ಬಾಡಿಗೆಯವನು ಮೊದಲು ಹತ್ತು ಎಕರೆಯವರ ಹೊಲಕ್ಕೆ ಹೋಗುತ್ತಾನೆ, ಒಂದು ಎಕರೆ ರಾಗಿಯವರ ಹತ್ತಿರ ಎಂಟನೇ ದಿನ ಬರುತ್ತಾನೆ. ಅಷ್ಟರಲ್ಲಿ ನೆಲ ಬಿಗಿದುಕೊಂಡಿರುತ್ತೆ. ಮತ್ತೆ ಮಳೆ ಬರುವ ತನಕ ಆಕಾಶ ನೋಡಬೇಕು. ನಾನು 2019ರಲ್ಲಿ ಹೀಗೆ ಹದಿನಾರು ದಿನ ಕಾದು ಕೊನೆಗೆ ಸ್ವಂತ ಗಾಡಿ ತಂದೆ. ಯಂತ್ರಧಾರೆಗೂ ಹೋಗಿದ್ದೆ. ರೇಟು ಕಡಿಮೆಯೇ, ಆದರೆ ಸರದಿ ಅಲ್ಲೂ ಇದೆ.

ನಮ್ಮದು ನಾಲೆ ಬಯಲು. ಭತ್ತ, ಸ್ವಲ್ಪ ಕಬ್ಬು, ಒಟ್ಟು ಐದು ಎಕರೆ. 24 ಎಚ್‌ಪಿ, ಫೋರ್ ವೀಲ್, ಅಂದರೆ ನಾಲ್ಕೂ ಗಾಲಿ ಎಳೆಯುವ ಗಾಡಿ. ನಾನೇ ಓಡಿಸುತ್ತೇನೆ. ದೊಡ್ಡ ಟ್ರ್ಯಾಕ್ಟರ್ ಕೆಸರು ಗದ್ದೆಯಲ್ಲಿ ಹೂತುಕೊಂಡು ಇನ್ನೊಂದು ಟ್ರ್ಯಾಕ್ಟರ್ ಬಂದು ಎಳೆದದ್ದನ್ನು ಎಷ್ಟು ಸಲ ನೋಡಿದ್ದೇನೋ. ಸಣ್ಣದಕ್ಕೆ ತೂಕ ಕಡಿಮೆ, ಆ ಕಷ್ಟ ಕಡಿಮೆ.

ಸುಳ್ಳು ಹೇಳಲ್ಲ, ಬರೀ ನಮ್ಮ ಐದು ಎಕರೆ ನೆಚ್ಚಿಕೊಂಡಿದ್ದರೆ ಕಂತು ಕಟ್ಟಲು ಆಗುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ಬಾಡಿಗೆ ಹೋಗುತ್ತೇನೆ. ಅಲ್ಲೂ ಕಷ್ಟ ಉಳುವುದರಲ್ಲಿ ಇಲ್ಲ, ವಸೂಲಿಯಲ್ಲಿ ಇದೆ. "ಭತ್ತ ಮಾರಿದ ಮೇಲೆ ಕೊಡ್ತೀನಿ ಕಣಕ್ಕ" ಅಂದವರ ಹೆಸರು ನನ್ನ ಪುಸ್ತಕದಲ್ಲಿ ಎರಡು ಪುಟ ಇದೆ.

ಲೆಕ್ಕದ_ಮೇಷ್ಟ್ರು

ಅಕ್ಕ, ಹದದ ಮಾತು ಒಪ್ಪಿದೆ. ಆದರೆ ನೀವು ಊರಲ್ಲಿ ಇರುತ್ತೀರಿ, ನೀವೇ ಓಡಿಸುತ್ತೀರಿ. ಇವರು ಬೆಂಗಳೂರಲ್ಲಿ. ಹದ ಬುಧವಾರ ಬಂದರೆ?

ಮಂಡ್ಯದ_ಅಕ್ಕ

ಅದೂ ನಿಜ. ಹದ ಶನಿವಾರಕ್ಕೆ ಕಾಯಲ್ಲ.

ಟಿಕೋಟಾ_ದ್ರಾಕ್ಷಿ

ನಮಸ್ಕಾರ್ರೀ. ನಾವು ವಿಜಯಪುರ ಕಡೆಯವರು, ದ್ರಾಕ್ಷಿ ಬೆಳೆಯುತ್ತೇವೆ. ನಮ್ಮ ಕಡೆ ಮಿನಿ ಟ್ರ್ಯಾಕ್ಟರ್ ಉಳುಮೆಗಿಂತ ಔಷಧ ಹೊಡೆಯಲು ಜಾಸ್ತಿ ಬಳಕೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿ ಆದ ಮೇಲೆ ಸ್ಪ್ರೇ ಬಿಡುವೇ ಇರಲ್ಲ. ಮಳೆ ಬಂದರೆ ರಾತ್ರಿಯೂ ಹೊಡೆಯಬೇಕು. ಹಾಗಾಗಿ ನಮಗೆ ಸ್ವಂತ ಗಾಡಿ ಬೇಕೇ ಬೇಕು. ಇಲ್ಲಿ ಯಾರೂ ಆ ಲೆಕ್ಕ ಹಾಕಲ್ಲ.

ಒಂದು ಮಾತು ಹೇಳುತ್ತೇನೆ. ಶೋರೂಮಿನವರು ಹೇಳುವುದು ಎಂಜಿನ್ ಎಚ್‌ಪಿ. ನಿಮ್ಮ ರೋಟವೇಟರ್, ಬ್ಲೋವರ್ (ಗಾಳಿಯಿಂದ ಔಷಧ ಹೊಡೆಯುವ ಯಂತ್ರ) ತಿರುಗಿಸುವುದು ಪಿಟಿಓ ಎಚ್‌ಪಿ, ಅಂದರೆ ಹಿಂದಿನ ಶಾಫ್ಟಿಗೆ ಬರುವ ಶಕ್ತಿ. 24 ಅಂದ ಗಾಡಿಯಲ್ಲಿ ಅಲ್ಲಿಗೆ ಬರುವುದು ಅದಕ್ಕಿಂತ ಕಡಿಮೆ. ನಾನು ಮೊದಲು 18ರ ಗಾಡಿ ತಗೊಂಡು, ಅದಕ್ಕೆ 600 ಲೀಟರಿನ ಬ್ಲೋವರ್ ಕಟ್ಟಿದೆ. ಸಮ ನೆಲದಲ್ಲಿ ಹೇಗೋ ಎಳೆಯಿತು. ಏರು ಬಂದ ಕೂಡಲೇ ಮೂಗು ಮೇಲೆತ್ತಿತು. ಮುಂದೆ ತೂಕ ಕಟ್ಟಿದರೂ ಎಂಜಿನ್ ಉಸಿರು ಕಟ್ಟಿ ಫ್ಯಾನ್ ಗಾಳಿ ಕಡಿಮೆಯಾಗುತ್ತಿತ್ತು. ಎರಡೇ ವರ್ಷಕ್ಕೆ ಮಾರಿದೆ.

ಮೊದಲು ಹಿಂದೆ ಕಟ್ಟುವ ಸಾಮಾನು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಅದಕ್ಕೆ ಎಷ್ಟು ಎಚ್‌ಪಿ ಬೇಕು ಅಂತ ಆ ಸಾಮಾನು ಮಾಡುವ ಕಂಪನಿಯವರೇ ಬರೆದಿರುತ್ತಾರೆ. ಆಮೇಲೆ ಅದನ್ನು ಎಳೆಯುವ ಗಾಡಿ ಹುಡುಕಿ. ನಾವೆಲ್ಲಾ ಉಲ್ಟಾ ಮಾಡುತ್ತೇವೆ ನೋಡ್ರಿ.

ಶಿರಸಿ_ಕಡೆಯವ

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ ಮಾರಾಯ್ರೆ. ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಮಧ್ಯೆ ಮಧ್ಯೆ ಬಸಿಗಾಲುವೆ. ಟ್ರ್ಯಾಕ್ಟರ್ ಇಳಿಸಿದರೆ ಹತ್ತಿಸಲು ಕ್ರೇನ್ ಬೇಕು.

ಒಂದು ವಿಷಯ ಮಾತ್ರ ಹೇಳಬೇಕು ಅನ್ನಿಸಿತು. ಅಡಿಕೆ ಮಧ್ಯೆ ರೋಟವೇಟರ್ ಯಾಕೆ? ಅಡಿಕೆಗೆ ತಾಯಿಬೇರು ಇಲ್ಲ, ಊಟ ಮಾಡುವ ಬೇರೆಲ್ಲ ಮೇಲೇ ಹರಡಿರುತ್ತೆ. ಏಳೂವರೆ ಅಡಿ ಅಂತರದಲ್ಲಿ ಆಳಕ್ಕೆ ರೋಟವೇಟರ್ ಬಿಟ್ಟರೆ ಬೇರು ಕೊಚ್ಚಿದ ಹಾಗೆ. ಕಳೆ ಕತ್ತರಿಸಿ ಅಲ್ಲೇ ಹಾಸಿ, ಮೇಲೆ ಸೊಪ್ಪು, ಗೊಬ್ಬರ ಕೊಡಿ. ನಾವು ವರ್ಷಕ್ಕೆ ಎರಡು ಸಲ ಕಳೆ ಕತ್ತರಿಸುವ ಯಂತ್ರ ಹೊಡೆಯುತ್ತೇವೆ, ಅಷ್ಟೇ. ಸಾಗಾಟಕ್ಕೆ ಮೋಟಾರ್ ಗಾಡಿ ಇದೆ. ಇನ್ನು ಅಂತರದ ವಿಷಯ. ಇಲಾಖೆಯವರು 9 ಅಡಿಗೆ 9 ಅಡಿ ಅನ್ನುತ್ತಾರೆ, ಅಂದರೆ 2.7 ಮೀಟರ್. ನಿಮ್ಮದು ಅದಕ್ಕಿಂತ ಒತ್ತಾಗಿದೆ.

ಕಲ್ಪತರು_ಹುಡುಗ

ಅಡಿಕೆ ನೆಡುವಾಗ ಯಾರೂ ಟ್ರ್ಯಾಕ್ಟರ್ ಬಗ್ಗೆ ಯೋಚನೆ ಮಾಡಲಿಲ್ಲ ಸರ್. ತೆಂಗಿನ ಲೆಕ್ಕಕ್ಕೆ ಕೂರಿಸಿದರು. ಗಿಡ ಜಾಸ್ತಿ ಹಿಡಿಯಲಿ ಅನ್ನುವ ಆಸೆ.

ಹಳೇ_ಮೆಕ್ಯಾನಿಕ್

ಎಲ್ಲರೂ ಮಾಡುವುದು ಅದೇ. ಇರಲಿ.

ಶಿರಸಿಯವರ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿನ್ನ ಜಮೀನಲ್ಲಿ ಮೂರು ಬೇರೆ ಬೇರೆ ಜಾಗ ಇವೆ ತಮ್ಮಾ, ಒಂದಲ್ಲ. ಬರೀ ತೆಂಗಿನ ಕಡೆ 30 ಅಡಿ ಅಂತರ. ಮರದ ಸುತ್ತ ಆರಡಿ ಪಾತಿ ಬಿಟ್ಟರೂ ಮಧ್ಯೆ 18 ಅಡಿ ಖಾಲಿ. ಅಲ್ಲಿ 40 ಎಚ್‌ಪಿ ಬಾಡಿಗೆ ಗಾಡಿಯೂ ಆರಾಮಾಗಿ ತಿರುಗುತ್ತೆ. ರಾಗಿ ಹೊಲಕ್ಕೂ ದೊಡ್ಡದೇ ಒಳ್ಳೆಯದು, ಬೇಗ ಮುಗಿಯುತ್ತೆ. ಸಣ್ಣ ಗಾಡಿ ಬೇಕಾಗಿರುವುದು ಅಡಿಕೆ ಒಂದೂವರೆ ಎಕರೆಗೆ ಮಾತ್ರ. ಆದರೆ ಅಲ್ಲಿ ನೀನು ಹೇಳಿದ ಗಾಡಿಗಳು ತೂರಲು ಆಗಲ್ಲ!

ಲೆಕ್ಕ ನೋಡು. ಈ ವರ್ಗದ ಗಾಡಿಗಳ ಅಗಲ ಮೂರೂವರೆಯಿಂದ ನಾಲ್ಕು ಅಡಿ. ನಿನ್ನ ಜಾಗ ನಾಲ್ಕಡಿ. ಹಿಂದೆ ಕಟ್ಟುವ ರೋಟವೇಟರ್ ಎರಡೂ ಗಾಲಿ ಮುಚ್ಚುವಷ್ಟು ಅಗಲ ಇರಬೇಕು, ಇಲ್ಲದಿದ್ದರೆ ಗಾಲಿ ತುಳಿದ ಗೆರೆ ಹಾಗೇ ಉಳಿಯುತ್ತೆ. ಆಚೆ ಈಚೆ ಒಂದು ಗೇಣು ಜಾಗವೂ ಇಲ್ಲ. ಡ್ರಿಪ್ ಪೈಪು ಮೇಲಿದೆ ಅಂದೆ. ಅದು ರೋಟವೇಟರ್ ಬ್ಲೇಡಿಗೆ ಒಂದು ಸಲ ಸುತ್ತಿಕೊಂಡರೆ ಬಿಡಿಸಲು ಅರ್ಧ ದಿನ, ಕುಡುಗೋಲು ಹಿಡಿದು ಗಾಡಿ ಕೆಳಗೆ ಮಲಗಬೇಕು.

ಸ್ವರಾಜ್ ಕೋಡ್ ಅಂತ ಒಂದಿದೆ, 2021ರಲ್ಲಿ ಬಂದದ್ದು. 11 ಎಚ್‌ಪಿ, ಪೆಟ್ರೋಲ್, ಅಗಲ ಮೂರಡಿಗಿಂತ ಕಡಿಮೆ. ಒತ್ತು ಸಾಲಿಗೆ ಅಂತಲೇ ಮಾಡಿದ್ದು. ತೂರುತ್ತೆ. ಆದರೆ ಅದರಲ್ಲಿ ಟ್ರೇಲರ್ ತುಂಬಾ ಗೊಬ್ಬರ ಎಳೆಯುವ ಕನಸು ಕಾಣಬೇಡ.

ಜೀವೋ_ಫ್ಯಾನ್

ಎಲ್ಲಾ ಓದಿದೆ. ಇಷ್ಟೆಲ್ಲಾ ಯಾಕೆ ಗುರು? 245 ತಗೊಂಡು ಬನ್ನಿ, ಕಣ್ಣು ಮುಚ್ಚಿಕೊಂಡು. ನಾನು ಐದು ವರ್ಷದಿಂದ ಓಡಿಸುತ್ತಿದ್ದೇನೆ, ಬಗ್ಗಿಲ್ಲ ಜಗ್ಗಿಲ್ಲ.

ಟಿಕೋಟಾ_ದ್ರಾಕ್ಷಿ

ಕುಬೋಟಾ ಓಡಿಸಿ ನೋಡ್ರಿ ಒಮ್ಮೆ, ಆಮೇಲೆ ಮಾತಾಡೋಣ.

ಜೀವೋ_ಫ್ಯಾನ್

ಅದರ ಪಾರ್ಟ್ಸ್ ರೇಟ್ ಕೇಳಿದ್ದೀರಾ?

ಹಳೇ_ಮೆಕ್ಯಾನಿಕ್

ಇಬ್ಬರೂ ತಣ್ಣಗಿರಿ. ಎರಡೂ ಒಳ್ಳೆಯ ಗಾಡಿಗಳೇ, ಸ್ವಭಾವ ಬೇರೆ. ಜೀವೋ 245ರಲ್ಲಿ ಎರಡು ಸಿಲಿಂಡರ್, 2,300 ಆರ್‌ಪಿಎಮ್‌ನಲ್ಲಿ 24 ಎಚ್‌ಪಿ. ನಿಧಾನಕ್ಕೆ ತಿರುಗುತ್ತಲೇ ಎಳೆಯುತ್ತೆ, ಗುಡುಗುಡು ಜಾಸ್ತಿ. ಬಿ2441ರಲ್ಲಿ ಮೂರು ಸಿಲಿಂಡರ್, 2,600 ಆರ್‌ಪಿಎಮ್‌ನಲ್ಲಿ 24. ನಯವಾಗಿ ಓಡುತ್ತೆ, ಕೂತವನಿಗೆ ಬೆನ್ನು ನೋವು ಕಡಿಮೆ. ಎರಡೂ ಹಿಂದೆ 750 ಕೆಜಿ ಎತ್ತುತ್ತವೆ ಅಂತ ಕಂಪನಿ ಹೇಳುತ್ತೆ. ವಿಎಸ್‌ಟಿ ನಮ್ಮ ಬೆಂಗಳೂರಿನ ಕಂಪನಿ, ಮಿತ್ಸುಬಿಶಿ ಜೊತೆ ಸೇರಿ ಶುರುವಾದದ್ದು. ಅವರ ಪವರ್ ಟಿಲ್ಲರ್‌ನಿಂದಾಗಿ (ಹಿಂದೆ ನಡೆಯುತ್ತಾ ಕೈಯಲ್ಲಿ ಹಿಡಿದು ಉಳುವ ಯಂತ್ರ) ಹಳ್ಳಿ ಹಳ್ಳಿಯಲ್ಲಿ ಅದರ ಮೆಕ್ಯಾನಿಕ್ ಸಿಗುತ್ತಾರೆ. 180ಡಿ ಮೂರು ಸಿಲಿಂಡರಿನದು, 19 ಎಚ್‌ಪಿ. ಹಗುರ ಗಾಡಿ, ಹಗುರ ಕೆಲಸ. ಮಹೀಂದ್ರಾದವರೇ 2023ರಲ್ಲಿ ಓಜಾ ಅಂತ ತಂದರು, ಗೇರ್ ಹುಡುಕದೆ ಹಿಂದೆ ಮುಂದೆ ಮಾಡುವ ಸೌಕರ್ಯ ಇದೆ. ಚೆನ್ನಾಗಿದೆ, ದುಡ್ಡೂ ಚೆನ್ನಾಗಿಯೇ ಕೇಳುತ್ತಾರೆ.

ಪಾಂಪ್ಲೆಟ್ ನಂಬಬೇಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿಯ ವರದಿಯಲ್ಲಿ ಪಿಟಿಓಗೆ ನಿಜವಾಗಿ ಎಷ್ಟು ಎಚ್‌ಪಿ ಬಂತು, ಗಂಟೆಗೆ ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ತೂಕ ಎತ್ತಿತು, ಎಲ್ಲಾ ಇರುತ್ತೆ. "ಟೆಸ್ಟ್ ರಿಪೋರ್ಟ್ ಕೊಡಿ" ಅಂತ ಶೋರೂಮಲ್ಲಿ ಕೇಳಿ. ಕೇಳಿದ ತಕ್ಷಣ ಸೇಲ್ಸ್ ಹುಡುಗನ ಮುಖ ನೋಡಿ, ಅದೇ ಒಂದು ಮಜಾ.

ಸುಮಾರು ಜನ ಕೇಳುತ್ತಾರೆ, ಹೊಸ ಗಾಡಿಯಲ್ಲಿ ಎಲೆಕ್ಟ್ರಾನಿಕ್ ಸೆನ್ಸರ್ ತಾಪತ್ರಯ ಇದೆಯಾ ಅಂತ. 2023ರ ಜನವರಿಯಿಂದ ಬಂದ ಬಿಗಿ ಹೊಗೆ ನಿಯಮ 50 ಎಚ್‌ಪಿ ಮೇಲಿನವಕ್ಕೆ. ಮಿನಿಗಳಲ್ಲಿ ಇನ್ನೂ ಹಳೇ ಥರದ ಪಂಪು, ನಾಝಲ್. ಊರ ಮೆಕ್ಯಾನಿಕ್ ಕೈಗೆ ಸಿಗುತ್ತೆ.

ಗುಬ್ಬಿ_ರೈತ

ಸಬ್ಸಿಡಿ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಾನು ಈ ಹಾದಿಯಲ್ಲಿ ಚಪ್ಪಲಿ ಸವೆಸಿದವನು.

ಎರಡು ಬಾಗಿಲು ಇವೆ. ಒಂದು ಕೃಷಿ ಇಲಾಖೆಯದು, ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಇನ್ನೊಂದು ತೋಟಗಾರಿಕೆ ಇಲಾಖೆಯದು. ತೆಂಗು, ಅಡಿಕೆ ಇರುವವರು ಎರಡೂ ಕಡೆ ಕೇಳಿ. ಎರಡಕ್ಕೂ ಫ್ರೂಟ್ಸ್ ನಂಬರ್ (ರೈತರ ಸರ್ಕಾರಿ ನೋಂದಣಿ ಸಂಖ್ಯೆ) ಬೇಕು, ಅದರಲ್ಲಿ ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿರಬೇಕು. ಜಮೀನು ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ) ಮಾಡಿಸಿ, ಟ್ರ್ಯಾಕ್ಟರ್ ಕನಸು ಆಮೇಲೆ. ಸಣ್ಣ ಸಾಮಾನಿಗೆ, ಅಂದರೆ ಪವರ್ ವೀಡರ್ (ಕಳೆ ತೆಗೆಯುವ ಯಂತ್ರ), ಸ್ಪ್ರೇಯರ್ ಥರದ್ದಕ್ಕೆ ಸಾಮಾನ್ಯ ವರ್ಗಕ್ಕೆ 50%, ಪರಿಶಿಷ್ಟರಿಗೆ 90% ಅಂತ ಕೃಷಿ ಇಲಾಖೆ ಕೊಡುತ್ತೆ. ಟ್ರ್ಯಾಕ್ಟರಿಗೆ ಮಿತಿ ಬೇರೆ, ಅಲ್ಲೂ ಎಂಜಿನ್ ಎಚ್‌ಪಿ ಅಲ್ಲ, ಪಿಟಿಓ ಎಚ್‌ಪಿ ನೋಡುತ್ತಾರೆ. ನನ್ನ ಪಕ್ಕದ ಮನೆಯವರು ಮೊದಲು ಗಾಡಿ ತಂದು ಆಮೇಲೆ ಅರ್ಜಿ ಹಾಕಿದರು. ಸಿಗಲಿಲ್ಲ. ಮಂಜೂರಾತಿ ಕಾಗದ ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12%ರಿಂದ 5%ಗೆ ಇಳಿದಿದೆ. ಟಯರ್, ಬಿಡಿಭಾಗ 18%ರಿಂದ 5%ಗೆ ಬಂದಿವೆ. ಯಾರಾದರೂ ಹಳೇ ಕೊಟೇಶನ್ ತೋರಿಸಿ "ಡಿಸ್ಕೌಂಟ್ ಕೊಟ್ಟಿದ್ದೀವಿ" ಅಂದರೆ, ಅದು ಡಿಸ್ಕೌಂಟ್ ಅಲ್ಲ, ಸರ್ಕಾರ ಇಳಿಸಿದ್ದು.

ಸಾಲಕ್ಕೆ ಪಿಎಲ್‌ಡಿ ಬ್ಯಾಂಕಲ್ಲೂ (ರೈತರಿಗೆ ದೀರ್ಘಾವಧಿ ಸಾಲ ಕೊಡುವ ಸಹಕಾರಿ ಬ್ಯಾಂಕು) ಕೇಳಿ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3% ಬಡ್ಡಿಯ ದೀರ್ಘಾವಧಿ ಕೃಷಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ನಿಮ್ಮ ಗಾಡಿಗೆ ಅದು ಸಿಗುತ್ತಾ ಅಂತ ಅಲ್ಲೇ ಕೂತು ಖಾತ್ರಿ ಮಾಡಿಕೊಳ್ಳಿ. ಶೋರೂಮಿನ ಮೇಜಿನ ಮೇಲೆ ಸಿಗುವ ಸಾಲಕ್ಕೂ ಇದಕ್ಕೂ ಬಡ್ಡಿಯಲ್ಲಿ ಅಜಗಜಾಂತರ.

ಲೆಕ್ಕದ_ಮೇಷ್ಟ್ರು

3% ಸಿಕ್ಕರೆ ನನ್ನ 60,000 ಹೋಗಿ 15,000 ಆಗುತ್ತೆ. ಲೆಕ್ಕ ಬದಲಾಗುತ್ತೆ, ಒಪ್ಪಿದೆ. ಆದರೂ 33 ಗಂಟೆ 33 ಗಂಟೆಯೇ.

ಮಂಡ್ಯದ_ಅಕ್ಕ

ಯಾರೋ ಮೇಲೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದರಲ್ಲ, ಅದಕ್ಕೆ ಒಂದು ವಿಷಯ ಹೇಳಬೇಕು. ತಂದೆಯವರೇ ಓಡಿಸುವುದಾದರೆ ದಯವಿಟ್ಟು ಕೇಳಿ.

ಮಿನಿ ಟ್ರ್ಯಾಕ್ಟರ್ ಸಣ್ಣದು, ಆಟದ ಸಾಮಾನಲ್ಲ. ಅಗಲ ಕಡಿಮೆ ಇರುವುದರಿಂದ ಮಗುಚುವುದು ಬೇಗ. ನಮ್ಮ ಊರಲ್ಲೇ ಒಬ್ಬರು ಬದು ಹತ್ತಿಸುವಾಗ ಒಂದು ಪಕ್ಕದ ಗಾಲಿ ಜಾರಿ ಗಾಡಿ ಮಗುಚಿತು. ಪುಣ್ಯಕ್ಕೆ ಕೆಸರು ಗದ್ದೆ, ಕಾಲು ಮಾತ್ರ ಮುರಿಯಿತು. ಮೂರು ತಿಂಗಳು ಮಂಚದ ಮೇಲೆ. ಬದು ದಾಟುವಾಗ ಓರೆಯಾಗಿ ಹೋಗಬಾರದು, ನೇರ ಹೋಗಬೇಕು. ಏರಿನಲ್ಲಿ ಭಾರ ಹಿಂದೆ ಇದ್ದರೆ ರಿವರ್ಸ್ ಹತ್ತಿಸಬೇಕು. ಸೀಟಿನ ಹಿಂದೆ ಕಬ್ಬಿಣದ ಕಮಾನು ಸಿಗುವ ಮಾಡೆಲ್ ಇದ್ದರೆ ಅದನ್ನೇ ತಗೊಳ್ಳಿ, ಕೊಂಬೆಗೆ ತಾಗುತ್ತೆ ಅಂತ ಬಿಚ್ಚಿ ಅಟ್ಟಕ್ಕೆ ಎಸೆಯಬೇಡಿ. ಬೆಲ್ಟ್ ಕೂಡ ಹಾಕಿ. ಕಮಾನು ಇದ್ದು ಬೆಲ್ಟ್ ಇಲ್ಲದಿದ್ದರೆ ಮನುಷ್ಯ ಹೊರಗೆ ಬೀಳುತ್ತಾನೆ, ಗಾಡಿ ಅವನ ಮೇಲೆ.

ಇನ್ನು ಪಂಚೆ, ಟವೆಲ್ಲು. ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಪಂಚೆ ತುದಿ ತಾಗಿದರೆ ಕಿರುಚುವ ಮೊದಲೇ ಎಳೆದುಕೊಂಡಿರುತ್ತೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದರೆ ಅವತ್ತೇ ಹಾಕಿಸಿ. ನಾನು ಸೀರೆ ಬಿಟ್ಟು ಚೂಡಿದಾರ, ಅದರ ಮೇಲೆ ಅಂಗಿ ಹಾಕಿಕೊಂಡೇ ಓಡಿಸುವುದು. ಮೊದಲು ಊರವರು ನಕ್ಕರು. ಈಗ ನಗುವವರ ಗದ್ದೆಗೇ ನಾನು ಹೋಗುವುದು.

ಹಳೇ_ಮೆಕ್ಯಾನಿಕ್

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫೋರ್ ವೀಲ್ ಗಾಡಿಯನ್ನು ಟಾರು ರಸ್ತೆಯಲ್ಲಿ ಓಡಿಸುವಾಗ ಮುಂದಿನ ಗಾಲಿ ಎಳೆಯುವ ಗೇರ್ ಬಿಡಿಸಿ. ಮುಂದಿನ ಗಾಲಿ ಹಿಂದಿನದಕ್ಕಿಂತ ಚೂರು ಜೋರಾಗಿ ತಿರುಗುವ ಹಾಗೆ ಮಾಡಿರುತ್ತಾರೆ. ಮಣ್ಣಲ್ಲಿ ಅದು ಒಳ್ಳೆಯದು, ಟಾರಲ್ಲಿ ಟಯರ್ ತಿಂದು ಹಾಕುತ್ತೆ. ವರ್ಷಕ್ಕೇ ಟಯರ್ ಹೋಯಿತು ಅಂತ ಕಂಪನಿಗೆ ಬೈಯುವವರಲ್ಲಿ ಅರ್ಧ ಜನ ಇದೇ ತಪ್ಪು ಮಾಡಿದವರು.

ಕಲ್ಪತರು_ಹುಡುಗ

ಇಷ್ಟು ಉತ್ತರ ನಿರೀಕ್ಷೆ ಮಾಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸೆಕೆಂಡ್ ಹ್ಯಾಂಡ್ ಹೇಗೆ? ಚಿಕ್ಕನಾಯಕನಹಳ್ಳಿ ಕಡೆ ಒಂದು ಇದೆಯಂತೆ. 2020ರ ಮಾಡೆಲ್, 24 ಎಚ್‌ಪಿ, ಮೀಟರಲ್ಲಿ 900 ಗಂಟೆ, 3 ಲಕ್ಷದ 20 ಸಾವಿರ ಹೇಳುತ್ತಿದ್ದಾರೆ.

ಹಳೇ_ಮೆಕ್ಯಾನಿಕ್

ಮೀಟರ್ ನಂಬಬೇಡ. ಬಿಚ್ಚಿ ಬೇರೆ ಹಾಕಲು ಹತ್ತು ನಿಮಿಷ ಸಾಕು. ಕ್ಲಚ್ ಪೆಡಲಿನ ರಬ್ಬರ್ ನೋಡು, ಸ್ಟೇರಿಂಗ್ ಎಷ್ಟು ನುಣ್ಣಗಾಗಿದೆ ನೋಡು. 900 ಗಂಟೆಗೆ ಪೆಡಲ್ ಕಬ್ಬಿಣ ಹೊಳೆಯಲ್ಲ.

ಬೆಳಗ್ಗೆ ಬೇಗ ಹೋಗು, ಹೇಳದೆ ಹೋಗು. ಎಂಜಿನ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಿಕೊಂಡು ಸ್ಟಾರ್ಟ್ ಮಾಡು. ಬಿಸಿ ಎಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತೆ. ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗು ಹೋಗಿದೆ. ರೋಟವೇಟರ್ ಕಟ್ಟಿ ಎತ್ತಿ, ಎಂಜಿನ್ ಆಫ್ ಮಾಡಿ ಒಂದು ಟೀ ಕುಡಿದು ಬಾ. ಅಷ್ಟರಲ್ಲಿ ನೆಲಕ್ಕೆ ಇಳಿದಿದ್ದರೆ ಹೈಡ್ರಾಲಿಕ್ ಕೆಲಸ ಇದೆ. ಮುಂದಿನ ಆಕ್ಸಲ್ ಸೀಲ್ ಹತ್ತಿರ ಎಣ್ಣೆ ಜಿನುಗಿದೆಯಾ ನೋಡು. ಕೆಸರಲ್ಲಿ ಓಡಿದ ಫೋರ್ ವೀಲ್ ಗಾಡಿಗೆ ಅಲ್ಲೇ ರೋಗ. ನೀರು ಒಳಗೆ ಹೋಗಿ ಗೇರು ತಿಂದಿರುತ್ತೆ, ಅದರ ಖರ್ಚು ಕೇಳಿದರೆ ಎದೆ ಒಡೆಯುತ್ತೆ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35, ಎರಡೂ ಕೈಗೆ ಬರುವ ತನಕ ದುಡ್ಡು ಕೊಡಬೇಡ. "ನಾಳೆ ಕೊಡ್ತೀನಿ" ಅಂದವನ ಹಿಂದೆ ನಾನು ಎಂಟು ತಿಂಗಳು ತಿರುಗಿದ್ದೇನೆ.

ಗುಬ್ಬಿ_ರೈತ

ಯಾವ ಗಾಡಿಯಾದರೂ ಸರಿ, ನಿಮ್ಮ ತೋಟಕ್ಕೇ ಡೆಮೋ ತರಿಸಿ. ಶೋರೂಮ್ ಮುಂದಿನ ಸಿಮೆಂಟ್ ಮೇಲೆ ಎಲ್ಲಾ ಗಾಡಿಯೂ ಚಂದ.

ಕಲ್ಪತರು_ಹುಡುಗ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದೆ. ಬೆಳಗ್ಗೆ ಆರೂಮುಕ್ಕಾಲಿಗೆ. ಅವರು ನನಗಿಂತ ಮೊದಲೇ ಎದ್ದು ಎಂಜಿನ್ ಬಿಸಿ ಮಾಡಿಟ್ಟಿದ್ದರು. ಪೆಡಲ್ ಹೊಳೆಯುತ್ತಿತ್ತು. ಟೀ ಅವರೇ ಕೊಟ್ಟರು. ಕುಡಿದು ಬರುವಷ್ಟರಲ್ಲಿ ರೋಟವೇಟರ್ ನೆಲ ಮುಟ್ಟಿತ್ತು. ಹಳೇ ಮೆಕ್ಯಾನಿಕ್ ಅಣ್ಣ, ನಿಮಗೆ ದೊಡ್ಡ ನಮಸ್ಕಾರ.

ಮೊನ್ನೆ ಭಾನುವಾರ ಒಂದು ಕಂಪನಿಯವರು ತೋಟಕ್ಕೆ ಡೆಮೋ ತಂದರು. ಹೊಸ 24 ಎಚ್‌ಪಿ, ಫೋರ್ ವೀಲ್, ಹಿಂದೆ ನಾಲ್ಕಡಿ ರೋಟವೇಟರ್. ಮೊದಲೇ ಡ್ರಿಪ್ ಪೈಪು ಸುತ್ತಿ ಬದಿಗೆ ಇಟ್ಟೆ. ಅದಕ್ಕೇ ಒಂದು ಗಂಟೆ ಹಿಡಿಯಿತು. ಅಡಿಕೆ ಸಾಲಿಗೆ ಇಳಿಸಿದರು. ಎರಡು ಕಡೆ ಪಾತಿ ಅಂಚು ಕೊಚ್ಚಿತು, ಬಿಟ್ಟರೆ ನೇರಕ್ಕೆ ಹೋಯಿತು. ನನಗೆ ಖುಷಿ. ಕೊನೆಗೆ ಹೋದ ಮೇಲೆ ತಿರುಗಬೇಕಲ್ಲ, ತಿರುಗಲು ಜಾಗವೇ ಇಲ್ಲ! ಬೇಲಿಗೂ ಕೊನೇ ಗಿಡಕ್ಕೂ ಐದಡಿ. ಡ್ರೈವರ್ ಹುಡುಗ ಅಷ್ಟೂ ದೂರ ರಿವರ್ಸ್‌ನಲ್ಲಿ ವಾಪಸ್ ಬಂದ. "ಅಣ್ಣ, ಪ್ರತಿ ಸಾಲಲ್ಲಿ ಕೊನೇ ಗಿಡ ತೆಗೆದರೆ ಆಗುತ್ತೆ" ಅಂದ. ಎಣಿಸಿದೆ, ಎರಡೂ ತುದಿ ಸೇರಿ 22 ಗಿಡ.

ಅಪ್ಪ ಅಲ್ಲೇ ನಿಂತಿದ್ದರು. "ಮುಂದಿನ ವರ್ಷ ಹೊಂಬಾಳೆ ಬಿಡೋ ಗಿಡ. ಟ್ರ್ಯಾಕ್ಟರ್ ತಿರುಗಲಿ ಅಂತ ಗಿಡ ಕೀಳ್ತಾರೇನೋ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸದ್ಯಕ್ಕೆ ಹೀಗೆ ತೀರ್ಮಾನ ಮಾಡಿದ್ದೇವೆ. ತೆಂಗಿಗೂ ರಾಗಿಗೂ ಬಾಡಿಗೆ ಗಾಡಿ. ಪಕ್ಕದ ಊರಿನ ಒಬ್ಬರ ಹತ್ತಿರ ಮಾತಾಡಿದ್ದೇನೆ, ವರ್ಷದ ದುಡ್ಡಲ್ಲಿ ಸ್ವಲ್ಪ ಮುಂಗಡ ಕೊಟ್ಟರೆ ಹದ ಬಂದಾಗ ಮೊದಲು ನಮ್ಮ ಹೊಲಕ್ಕೆ ಬರುತ್ತಾರಂತೆ. ಅಡಿಕೆ ಕಡೆ ಶಿರಸಿಯವರು ಹೇಳಿದ ಹಾಗೆ ಕಳೆ ಕತ್ತರಿಸಿ ಹಾಸುವುದು. ಯುಗಾದಿಗೆ ಟ್ರ್ಯಾಕ್ಟರ್ ಬರಲ್ಲ. ಬೇಜಾರಿದೆ, ಸುಳ್ಳು ಯಾಕೆ ಹೇಳಲಿ.

ಅಂದಹಾಗೆ, ಡೆಮೋ ಗಾಡಿ ಹೊರಡುವಾಗ ಅಪ್ಪ ಆ ಹುಡುಗನಿಗೆ ಎಳನೀರು ಕೆತ್ತಿ ಕೊಟ್ಟು, "ಹೆಂಗೂ ಬಂದಿದ್ದೀಯಲ್ಲಪ್ಪ, ರಾಗಿ ಹೊಲದಲ್ಲಿ ಎರಡು ಸುತ್ತು ಹಾಕಿ ತೋರಿಸು" ಅಂದರು. ಎರಡು ಸುತ್ತು ಅಂತ ಶುರುವಾಗಿ ಒಂದು ಎಕರೆ ಮಾಗಿ ಉಳುಮೆ ಪೂರ್ತಿ ಮುಗಿಯಿತು.

ಲೆಕ್ಕದ_ಮೇಷ್ಟ್ರು

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮುಂದೆ ನಮ್ಮ ಲೆಕ್ಕ ಏನೂ ಅಲ್ಲ.

ಮಂಡ್ಯದ_ಅಕ್ಕ

ಬಾಡಿಗೆಯವನಿಗೆ ಮುಂಗಡ ಕೊಡುವಾಗ ಮಾತು ಬಾಯಲ್ಲಿ ಬೇಡ, ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಬಾಡಿಗೆಯವಳೇ ಹೇಳುತ್ತಿದ್ದೇನೆ.

ಕಲ್ಪತರು_ಹುಡುಗ

ಆಯಿತು ಅಕ್ಕ. ಈ ಶನಿವಾರ ಪವರ್ ವೀಡರ್ ನೋಡಲು ಹೋಗುತ್ತಿದ್ದೇನೆ. 7 ಎಚ್‌ಪಿ ಸಾಕಾ? ಪೆಟ್ರೋಲೋ ಡೀಸೆಲ್ಲೋ?

ಹಳೇ_ಮೆಕ್ಯಾನಿಕ್

ಅದಕ್ಕೆ ಬೇರೆ ಚರ್ಚೆ ಶುರು ಮಾಡು ತಮ್ಮಾ. ಇಲ್ಲೇ ಕೇಳಿದರೆ ಮುಂಗಾರು ಮುಗಿದರೂ ಇವರು ಬಿಡಲ್ಲ.